ಎರಡೂವರೆ ಇಂಚು ದೂರದ ಶಾಲೆ

ಹೊಳಲ್ಕೆರೆಯಿಂದ ನಮ್ಮ ದೊಡ್ಡಮ್ಮ ಪಾಠ ಹೇಳುತ್ತಿದ್ದ ಶಾಲೆಗೆ ಎಷ್ಟು ದೂರ? ಯಾರನ್ನು ಕೇಳಿದರೂ ಏಳು ಮೈಲಿ ಎನ್ನುತ್ತಿದ್ದರು. ದೊಡ್ಡಮ್ಮನನ್ನು ಕೇಳಿದರೆ ಮಾತ್ರ ಎರಡೂವರೆ ಇಂಚು! ಬಸ್ಸಿನಲ್ಲಿ ಕೂತು ಸ್ವೆಟರಿನ ತೋಳು ಹೆಣೆಯಲು ಶುರು ಮಾಡಿದರೆ ಶಾಲೆಯ ಮುಂದೆ ಇಳಿಯುವ ಹೊತ್ತಿಗೆ ತೋಳು ಎರಡೂವರೆ ಇಂಚು ಬೆಳೆದಿರುತ್ತಿತ್ತು. ಟೈರು ಪಂಕ್ಚರ್ ಆದರೆ ನಾಲ್ಕಿಂಚು. ಒಂದು ಮಳೆಗಾಲದಲ್ಲಿ ಹಳ್ಳ ಬಂದು ಬಸ್ಸು ಮಧ್ಯಾಹ್ನದವರೆಗೂ ನಿಂತುಬಿಟ್ಟಿತು. ಅವತ್ತು ಕೈಯಲ್ಲಿದ್ದದ್ದು ಹೆಡ್‌ಮಾಸ್ತರರ ಮಫ್ಲರು. ಅದು ಅವರ ಕುತ್ತಿಗೆಗೆ ಮೂರು ಸುತ್ತು ಬಂದು, ಇನ್ನೂ ಮೊಣಕಾಲಿಗೆ ತಾಗುತ್ತಿತ್ತು. ಅದನ್ನು ಹಾಕಿಕೊಂಡು ಸೈಕಲ್ ಹತ್ತಲು ಅವರು ಹೆದರುತ್ತಿದ್ದರು.

ಇದು ಎಪ್ಪತ್ತರ ದಶಕದ ಮಾತು. ಹಿರಿಯೂರಿನ ಆಚೆಯ ನಮ್ಮ ಹಳ್ಳಿಯಲ್ಲಿ ಹೈಸ್ಕೂಲು ಇರಲಿಲ್ಲವಾದ್ದರಿಂದ ನನ್ನನ್ನು ಓದಲು ಅಮ್ಮನ ಅಕ್ಕನ ಮನೆಗೆ ಕಳಿಸಿದ್ದರು. ದೊಡ್ಡಪ್ಪನದು ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಟೈಲರ್ ಅಂಗಡಿ. ಟೈಲರ್ ಗಂಡ, ಸ್ವೆಟರ್ ಹೆಣೆಯುವ ಹೆಂಡತಿ ಎಂದರೆ ಮನೆ ಹೇಗಿರಬೇಕು ಯೋಚಿಸಿ!

"ನೀನು ಒಂದು ತೋಳು ಮುಗಿಸೋದ್ರೊಳಗೆ ನಾನು ಮೂರು ಅಂಗಿ ಹೊಲ್ದು ಗುಂಡಿ ಹಾಕಿರ್ತೀನಿ" ಎಂದು ದೊಡ್ಡಪ್ಪ ಕೆಣಕುತ್ತಿದ್ದರು.

"ನೀವು ಬಟ್ಟೆ ಕತ್ತರಿಸಿ ಹೊಲಿಯೋರು. ನಾನು ಬಟ್ಟೇನೇ ಹುಟ್ಟಿಸೋಳು. ಹೆರಿಗೆಗೆ ಟೈಮ್ ಬೇಕಾಗ್ತೈತೆ" ಎನ್ನುತ್ತಿದ್ದಳು ದೊಡ್ಡಮ್ಮ, ಕಡ್ಡಿಯಿಂದ ಕಣ್ಣೆತ್ತದೆ.

ಟೈಮ್ ಎಲ್ಲಿತ್ತು ಪಾಪ! ಬೆಳಿಗ್ಗೆ ಎದ್ದರೆ ಎಪ್ಪತ್ತು ನೋಟ್‌ಬುಕ್ಕು ತಿದ್ದಬೇಕು, ಅಡುಗೆ ಆಗಬೇಕು, ಎಂಟೂಕಾಲಿನ ಬಸ್ಸು ಹಿಡಿಯಬೇಕು, ದಿನಕ್ಕೆ ಆರು ಪೀರಿಯಡ್ ಕೂಗಬೇಕು. ಇಷ್ಟರ ನಡುವೆ ಅವಳಿಗೆ ಸ್ವೆಟರೂ ಬೇಕು, ಕ್ರೋಶಾ ಕಡ್ಡಿಯಲ್ಲಿ ಟೇಬಲ್‌ಕ್ಲಾತೂ ಬೇಕು, ವಾರಕ್ಕೆರಡು ಕಾದಂಬರಿಯೂ ಬೇಕು. ಹಾಗಾಗಿ ಅವಳು ಯಾವ ಕೆಲಸವನ್ನೂ ಒಂಟಿಯಾಗಿ ಮಾಡಿದವಳೇ ಅಲ್ಲ. ಒಲೆಯ ಮೇಲಿನ ಗೂಡಿನಲ್ಲಿ ಕಾದಂಬರಿ ತೆರೆದಿಟ್ಟು ಮುದ್ದೆ ತೊಳಸುತ್ತಿದ್ದಳು. ಎರಡೂ ಕೈ ಮುದ್ದೆ ಕೋಲಿನ ಮೇಲೆ, ಎರಡೂ ಕಣ್ಣು ಕಾದಂಬರಿಯ ಮೇಲೆ. ಪುಟ ತಿರುವಲು ನಾನು. ಕಥೆ ಬಿಗಿಯಾದ ದಿನ ಮುದ್ದೆಯಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟುಗಳು ಸಿಗುತ್ತಿದ್ದವು. ದೊಡ್ಡಪ್ಪ ತುತ್ತು ಮುರಿದು ನೋಡಿ, "ಇವತ್ತು ಯಾರಿಗೋ ಬಾಳ ಕಷ್ಟ ಬಂದೈತೆ" ಎಂದು ಸುಮ್ಮನೆ ನುಂಗುತ್ತಿದ್ದರು.

ಹೆಣಿಗೆಗೂ ಓದಿಗೂ ಅವಳು ಗಂಟು ಹಾಕಿದ್ದ ಕ್ರಮ ಕೇಳಬೇಕು ನೀವು. ತೊಡೆಯ ಮೇಲೆ ಪುಸ್ತಕ, ಪುಟ ಹಾರದಂತೆ ಅದರ ಮೇಲೆ ದೊಡ್ಡಪ್ಪನ ದೊಡ್ಡ ಕತ್ತರಿ, ಕೈಯಲ್ಲಿ ಕಡ್ಡಿ. ಒಂದು ಪುಟಕ್ಕೆ ಒಂದು ಸಾಲು! ಹೀಗಾಗಿ ನಮ್ಮ ಮನೆಯಲ್ಲಿ ನೂರಿಪ್ಪತ್ತು ಪುಟದ ಟೋಪಿ, ಮುನ್ನೂರು ಪುಟದ ಸ್ವೆಟರು ಎಂಬ ಮಾತು ಸಾಮಾನ್ಯವಾಗಿತ್ತು. ತೊಂದರೆ ಏನೆಂದರೆ, ಪುಟದಲ್ಲಿ ನಡೆದದ್ದೆಲ್ಲ ಸಾಲಿನಲ್ಲೂ ನಡೆಯುತ್ತಿತ್ತು. ಒಂದು ದೀಪಾವಳಿಗೆ ದೊಡ್ಡಪ್ಪ ಹೊಸ ಸ್ವೆಟರಿನೊಳಗೆ ಕೈ ತೂರಿಸಿ ಅರ್ಧದಲ್ಲೇ ಸಿಕ್ಕಿಕೊಂಡರು.

"ಇದ್ಯಾಕೆ ಇಲ್ಲಿ ಹಿಂಗ್ ಹಿಡೀತೈತೆ?"

"ಅಲ್ಲಿ ಕೊಲೆ ಆತು ಕಣ್ರಿ. ಕೈ ಬಿಗಿ ಆಗಿರ್ಬೇಕು."

"ಮತ್ತೆ ಈ ಕಡೆ ತೋಳು ಜೋತಾಡ್ತೈತಲ್ಲ?"

"ಅಲ್ಲಿ ಎಲ್ರೂ ಸುಖವಾಗಿದ್ರು."

ದೊಡ್ಡಪ್ಪ ಆ ಚಳಿಗಾಲವಿಡೀ ಒಂದು ಕೈಯಲ್ಲಿ ಕೊಲೆ, ಇನ್ನೊಂದರಲ್ಲಿ ಸುಖಸಂಸಾರ ಹೊತ್ತುಕೊಂಡು ಅಂಗಡಿಗೆ ಹೋದರು. ಗಿರಾಕಿಗಳು ಕೇಳಿದರೆ, "ನನ್ನ ಕೈಕೆಲಸ ಅಲ್ಲಪ್ಪ" ಎಂದು ಮೊದಲೇ ಹೇಳಿಬಿಡುತ್ತಿದ್ದರು.

ಇನ್ನು ಉಲ್ಲನ್ ಉಂಡೆಯ ಪ್ರಕರಣ. ಒಂದು ದಿನ ಬಸ್ಸಿನಲ್ಲಿ ದೊಡ್ಡಮ್ಮನ ಮಡಿಲಿನಿಂದ ಉಂಡೆ ಉರುಳಿ ಸೀಟುಗಳ ಕೆಳಗೆ ಹೋಯಿತು. ಓದಿನ ಗುಂಗಿನಲ್ಲಿದ್ದವಳಿಗೆ ತಿಳಿಯಲೇ ಇಲ್ಲ. ನಡುದಾರಿಯಲ್ಲಿ ಒಬ್ಬ ಕುರಿಗಾರ ಅಜ್ಜ ಇಳಿದ. ದಾರ ಅವನ ಕಾಲಿಗೆ ಸುತ್ತಿಕೊಂಡಿತ್ತು. ಅಜ್ಜ ಹೊಲದ ಕಡೆ, ಬಸ್ಸು ಶಾಲೆಯ ಕಡೆ! ದೊಡ್ಡಮ್ಮ ಪುಟ ಮುಗಿಸಿ ನೋಡುತ್ತಾಳೆ, ಕಡ್ಡಿ ಇದೆ, ತೋಳು ಇಲ್ಲ.

ಮಾರನೆಯ ದಿನ ಅಜ್ಜ ಅದೇ ನಿಲ್ದಾಣದಲ್ಲಿ ಕಾದು ಬಸ್ಸು ಹತ್ತಿದ. ಕೈಯಲ್ಲಿ ನೀಟಾಗಿ ಸುತ್ತಿದ ಉಂಡೆ.

"ಟೀಚರಮ್ಮೋರೆ, ನಿಮ್ಮ ದಾರ ನನ್ನ ಹಿಂದೇನೇ ಬಂದಿತ್ತು ನೋಡ್ರಿ" ಎಂದ. ಆಮೇಲೆ ಅದನ್ನು ಬೆರಳಲ್ಲಿ ಹೊಸೆದು, ಮೂಸಿ, ಮುಖ ಹುಳ್ಳಗೆ ಮಾಡಿದ. "ಇದು ಯಾವ ಕುರೀದ್ರಿ? ಒಂದೀಟೂ ವಾಸನೆ ಇಲ್ಲ. ತಡೀರಿ, ನಮ್ಮ ಮನೇದು ಕೊಡ್ತೀನಿ."

ಕೊಟ್ಟ ಮಾತಿನಂತೆ ಅವನು ಹದಿನೈದು ದಿನದ ಮೇಲೆ ಒಂದು ಚೀಲ ಕರಿ ಉಣ್ಣೆ ದಾರ ತಂದುಕೊಟ್ಟ. ಕಾಸು ಮುಟ್ಟಲಿಲ್ಲ. ಟೀಚರಮ್ಮನಿಗೆ ಕೊಡುವುದೆಂದರೆ ಸುಮ್ಮನೆ ಕೊಡಲಾದೀತೆ? ಒಳ್ಳೆಯ ಕಂಬಳಿಗೆ ಮಾಡುವ ಹಾಗೆ ದಾರಕ್ಕೆಲ್ಲ ಹುಣಸೆಬೀಜದ ಗಂಜಿ ಹಾಕಿ ಒಣಗಿಸಿ ತಂದಿದ್ದ! ಮಗ್ಗಕ್ಕೇನೋ ಅದು ಸರಿ. ಸ್ವೆಟರಿಗೆ? ದೊಡ್ಡಮ್ಮನಿಗೆ ಗಂಜಿಯ ವಿಷಯ ಗೊತ್ತಿರಲಿಲ್ಲ. "ಮೈಮೇಲೆ ಬಿದ್ರೆ ಮೆತ್ತಗಾಗ್ತೈತೆ" ಎಂದು ಹಟ ಹಿಡಿದು, ಎರಡು ಕಡ್ಡಿ ಮುರಿದು, ನಿವೃತ್ತರಾಗುತ್ತಿದ್ದ ಹೆಡ್‌ಮಾಸ್ತರರಿಗೆ ಬೀಳ್ಕೊಡುಗೆಗೆ ಸ್ವೆಟರು ಮುಗಿಸಿಯೇ ಬಿಟ್ಟಳು. ಹಿಂದಿನ ಸಂಜೆ ಅದನ್ನು ಮೇಜಿನ ಮೇಲಿಟ್ಟರೆ ಅದು ಮಲಗಲಿಲ್ಲ. ಒಳಗೆ ಯಾರೋ ಇದ್ದಾರೆ ಎನ್ನುವ ಹಾಗೆ ನಿಂತೇ ಇತ್ತು.

ಸಮಾರಂಭದಲ್ಲಿ ಹೆಡ್‌ಮಾಸ್ತರರಿಗೆ ಎಲ್ಲರೆದುರು ಅದನ್ನು ತೊಡಿಸಿದರು. ಮೊದಲೇ ಅವರು ಮೈಕು ಸಿಕ್ಕರೆ ಸೂರ್ಯ ಮುಳುಗಿಸುವ ಆಸಾಮಿ. ಅವತ್ತು ಕೈ ಮುಗಿಯಲು ಹೋದರೆ ಎರಡು ಕೈ ಒಂದಕ್ಕೊಂದು ಸೇರಲಿಲ್ಲ. ಕುತ್ತಿಗೆ ಕೆರೆದುಕೊಂಡರು, ಬೆನ್ನನ್ನು ಮೈಕಿನ ಕಂಬಕ್ಕೆ ಉಜ್ಜಿದರು, ಎರಡೇ ನಿಮಿಷದಲ್ಲಿ "ಎಲ್ಲರಿಗೂ ಒಳ್ಳೆಯದಾಗಲಿ" ಎಂದು ಇಳಿದುಹೋದರು. ಮೇಷ್ಟ್ರುಗಳೆಲ್ಲ ಸಂಜೆ ದೊಡ್ಡಮ್ಮನ ಸುತ್ತ ಸೇರಿ, "ಮೇಡಮ್ಮೋರೆ, ಹೊಸ ಹೆಡ್‌ಮಾಸ್ತರು ಬಂದ ದಿನಾನೇ ಅವರಿಗೂ ಇಂಥದ್ದೊಂದು ಹಾಕ್ಕೊಡ್ರಿ" ಎಂದು ಬೇಡಿಕೊಂಡರಂತೆ.

ಇಷ್ಟೆಲ್ಲ ನಗುತ್ತಿದ್ದ ನಮಗೆ, ನಡುವೆ ಬೇರೇನೋ ನಡೆಯುತ್ತಿದೆ ಎಂದು ಹೊಳೆಯಲೇ ಇಲ್ಲ. ನನ್ನ ಸ್ವೆಟರಿನ ಒಂದು ಕೈಪಟ್ಟಿ ಕೆಂಪು, ಇನ್ನೊಂದು ಕಂದು ಬಂತು. ಹೊಸ ಫ್ಯಾಶನ್ ಎಂದಳು. ಪುಸ್ತಕ ಮೂಗಿನ ಹತ್ತಿರ ಹೋಯಿತು. "ಈಗೀಗ ಅಚ್ಚು ಹಾಕೋರು ಮಸಿ ಉಳಿಸ್ತಾರೆ" ಎಂದು ಬೈದಳು. ಒಂದು ಬೆಳಿಗ್ಗೆ ಶಾಲೆಯ ಬಸ್ಸೆಂದು ಹೊಸದುರ್ಗದ ಬಸ್ಸು ಹತ್ತಿ ಕೂತುಬಿಟ್ಟಳು! ತುಂಬಿದ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಡುತ್ತ ಅವಳ ಬಳಿ ಬರುವಷ್ಟರಲ್ಲಿ ಬಸ್ಸು ಎಲ್ಲೋ ಹೋಗಿತ್ತು.

ಅವತ್ತು ಊಟಕ್ಕೆ ಕೂತಾಗ ತಾನೇ ಹೇಳಿಕೊಂಡು ನಕ್ಕಳು. "ನಾಲ್ಕಿಂಚು ಆದ್ರೂ ಶಾಲೆ ಬರ್ಲಿಲ್ಲ. ಆವಾಗ್ಲೇ ಅನುಮಾನ ಬಂತು ನೋಡ್ರಿ." ನಾವೂ ನಕ್ಕೆವು. ನಗು ಮುಗಿದ ಮೇಲೆ ಅವಳು ತಟ್ಟೆ ನೋಡುತ್ತ ಮೆಲ್ಲಗೆ ಹೇಳಿದಳು.

"ಬೋರ್ಡು ಕಾಣ್ಲಿಲ್ಲ ಕಣ್ರಿ. ಬೋರ್ಡು ಒಂದೇ ಅಲ್ಲ. ಕ್ಲಾಸಿನಾಗೆ ಮಕ್ಕಳ ಮುಖಾನೂ ಕಾಣ್ತಿಲ್ಲ. ದನಿ ಗುರುತು ಹಿಡಿದು ಹಾಜರಿ ಹಾಕ್ತಿದೀನಿ."

ದೊಡ್ಡಪ್ಪ ಕೈ ತೊಳೆದು ಎದ್ದರು. "ನಾಳೆ ದುರ್ಗಕ್ಕೆ ಹೋಗಾಣ" ಎಂದರು. ಹಬ್ಬದ ಹೊಲಿಗೆ ಅಂಗಡಿ ತುಂಬ ಬಿದ್ದಿತ್ತು. ಬಾಗಿಲು ಹಾಕಿದರು.

ಚಿತ್ರದುರ್ಗದ ಡಾಕ್ಟರು ಎರಡೂ ಕಣ್ಣಿನಲ್ಲಿ ಪೊರೆ ಬಂದಿದೆ ಎಂದರು. ಎಡಗಣ್ಣಿನ ನರವೂ ಸತ್ತಿದೆ, ಅದರ ಆಸೆ ಬಿಡಿ, ಬಲಗಣ್ಣಿಗೆ ಆಪರೇಶನ್ ಮಾಡೋಣ, ಅದು ಉಳಿದರೆ ಕೆಲಸ, ಓದು ಎಲ್ಲ ಉಳಿಯುತ್ತದೆ ಎಂದರು. ಉಳಿಯದಿದ್ದರೆ ಎಂದು ನಾವು ಯಾರೂ ಕೇಳಲಿಲ್ಲ.

ಆಪರೇಶನ್ ಆಯಿತು. ಎರಡೂ ಕಣ್ಣಿಗೆ ಪಟ್ಟಿ. "ಎಂಟು ದಿನ ಅಲುಗಾಡದೆ ಮಲಗಬೇಕು. ಕೆಮ್ಮಬಾರದು, ಸೀನಬಾರದು, ನಗಬಾರದು. ಅಳಲೇಬಾರದು. ಒಳಗೆ ಸಣ್ಣ ಹೊಲಿಗೆ ಇದೆ, ಅದು ಬಿಚ್ಚಿಕೊಂಡರೆ ನನ್ನ ಕೈಯಲ್ಲಿ ಏನೂ ಇಲ್ಲ" ಎಂದರು ಡಾಕ್ಟರು.

"ಎಷ್ಟನೇ ನಂಬರ್ ದಾರ ಹಾಕಿದೀರಿ ಸಾರ್?" ಎಂದು ದೊಡ್ಡಪ್ಪ ಕೇಳಿದರು. ಡಾಕ್ಟರು ನಕ್ಕರು. ದೊಡ್ಡಪ್ಪ ನಗಲಿಲ್ಲ.

ಕಡ್ಡಿ ಹಿಡಿಯುವುದಕ್ಕೂ ಅಪ್ಪಣೆ ಇರಲಿಲ್ಲ. ಕೈ ಆಡಿದರೆ ತಲೆ ಆಡುತ್ತದಂತೆ. ಬರಿಯ ಬೆರಳುಗಳು ಹೊದಿಕೆಯ ಮೇಲೆ ಸುಮ್ಮನೆ ಆಡುತ್ತಿದ್ದವು. ಉಳಿದದ್ದು ಓದೊಂದೇ, ಅದೂ ನನ್ನ ಬಾಯಲ್ಲಿ. ಲೈಬ್ರರಿಯಿಂದ ತಂದ ಒಂದು ದಪ್ಪ ಕಾದಂಬರಿಯಲ್ಲಿ ಅವಳಿಗೆ ಇನ್ನೂ ನಲವತ್ತು ಪುಟ ಬಾಕಿ ಇತ್ತು. ಕಥಾನಾಯಕಿಯೂ ಒಬ್ಬ ಮೇಡಂ. ದಿನಕ್ಕಿಷ್ಟು ಓದುತ್ತ ಬಂದೆ. ಆರನೆಯ ದಿನ ದೊಡ್ಡಮ್ಮ ಮಲಗಿದ್ದಾಗ ಮುಂದೇನೆಂದು ಸುಮ್ಮನೆ ತಿರುವಿ ನೋಡಿದೆ. ಆ ಮೇಡಂ ಜ್ವರದಲ್ಲಿ ಒಬ್ಬಳೇ ಸತ್ತುಹೋಗುತ್ತಾಳೆ. ಅವಳು ದಾರಿ ಕಾಯುತ್ತಿದ್ದ ಅಣ್ಣ ಬರುವುದು ಮಾರನೆಯ ದಿನ!

ಪಾಠದಲ್ಲಿ ಹಸು ಸತ್ತರೂ ಕ್ಲಾಸಿನ ಮುಂದೆ ಕಣ್ಣೊರೆಸಿಕೊಳ್ಳುವವಳು ನಮ್ಮ ದೊಡ್ಡಮ್ಮ. ಇದನ್ನು ಹೇಗೆ ಓದಲಿ? ಪುಸ್ತಕ ಕಳೆಯಿತು ಎಂದರೆ ಕೊರಗಿನಲ್ಲೇ ಹೊಲಿಗೆ ಬಿಚ್ಚುತ್ತದೆ. ಏಳನೆಯ ದಿನ ಬೆಳಿಗ್ಗೆ, "ಎಲ್ಲಿಗೆ ಬಂದಿತ್ತೇ? ಓದು" ಎಂದಳು.

ಓದಿದೆ. ಜ್ವರ ಏರುವವರೆಗೆ ಪುಸ್ತಕದಲ್ಲಿದ್ದದ್ದು, ಆಮೇಲೆ ನನ್ನದು. ನಡುರಾತ್ರಿ ಬರಬೇಕಾದ ಸಾವನ್ನು ಬಾಗಿಲಲ್ಲೇ ತಡೆದು ಡಾಕ್ಟರನ್ನು ಒಳಗೆ ಬಿಟ್ಟೆ. ಅವಸರದಲ್ಲಿ ಪಟ್ಟಣದ ಆ ನಾಯಕಿಗೆ ಬಿಸಿ ಮುದ್ದೆ ತಿನ್ನಿಸಿ ಹುರುಳಿಕಟ್ಟಿನ ಸಾರು ಕುಡಿಸಿದೆ. ಕಡಲಾಚೆಯಿಂದ ಹಡಗಿನಲ್ಲಿ ಬರಬೇಕಿದ್ದ ಅಣ್ಣನನ್ನು ಭೀಮಸಮುದ್ರದ ಬಸ್ಸಿನಿಂದ ಇಳಿಸಿದೆ. ದೊಡ್ಡಮ್ಮನ ತುಟಿ ಅಲುಗಿತು. ನಗಲೂಬಾರದಲ್ಲ! ಹೆದರಿ ನಿಲ್ಲಿಸಿದೆ.

"ಪುಟ ತಿರುವಿದ್ರೆ ಚೆನ್ನಾಗಿರ್ತೈತೆ" ಎಂದಳು ಮೆಲ್ಲಗೆ. "ಬಾಳ ಹೊತ್ತಾತು, ಒಂದೇ ಪುಟದಾಗೆ ಅದೀಯ."

ನಾನು ಸದ್ದಾಗುವಂತೆ ಒಂದು ಪುಟ ತಿರುವಿದೆ.

"ನಿನ್ನೆ ಸಂಜೆಯಿಂದ ನಿನ್ನ ದನೀನೇ ಸರಿ ಇಲ್ಲ. ಆವಾಗ್ಲೇ ಗೊತ್ತಾತು, ಅವಳು ಉಳಿಯಲ್ಲ ಅಂತ." ಹೊದಿಕೆಯ ಮೇಲೆ ಅವಳ ಕೈ ತಡಕಾಡಿ ನನ್ನ ಮೊಣಕಾಲಿನ ಮೇಲೆ ಬಂದು ನಿಂತಿತು. "ನಿಲ್ಲಿಸಬ್ಯಾಡ. ನಿಂದೇ ಓದು."

ಪುಸ್ತಕ ಮುಚ್ಚಿಟ್ಟು ಓದಿದೆ. ಅಳಬಾರದು ಎಂದು ಡಾಕ್ಟರು ಹೇಳಿದ್ದು ಅವಳಿಗೆ, ನನಗಲ್ಲ. ದನಿ ನಡುಗದಂತೆ ನೋಡಿಕೊಂಡು ಅತ್ತೆ. ಅಷ್ಟು ಪ್ರೀತಿ ನನಗೆ ಅವಳ ಮೇಲೆ ಇದೆ ಎಂದು ಆವರೆಗೆ ನನಗೇ ಗೊತ್ತಿರಲಿಲ್ಲ.

ಪಟ್ಟಿ ಬಿಚ್ಚಿದರು. ಕೆಲವು ವಾರದ ಮೇಲೆ ಸೋಡಾ ಬಾಟಲಿಯ ತಳದಷ್ಟು ದಪ್ಪ ಕನ್ನಡಕ ಬಂತು. ಒಂದೇ ಕಣ್ಣು, ಆದರೆ ದಿನಪತ್ರಿಕೆಯ ಸಣ್ಣ ಅಕ್ಷರವೂ ಸಿಕ್ಕಿತು. ದೊಡ್ಡಪ್ಪ ಅಂಗಡಿ ತೆರೆದರು. ನಾನು ಆ ಕಾದಂಬರಿಯನ್ನು ಅವಳ ಮುಂದಿಟ್ಟು, "ಕೊನೇ ಪುಟ ಈಗ ನೀನೇ ಓದ್ಕೋ ದೊಡ್ಡಮ್ಮ" ಎಂದೆ.

ಅವಳು ಅದನ್ನು ತೆರೆಯಲಿಲ್ಲ. ಸೆರಗಿನಿಂದ ರಟ್ಟು ಒರೆಸಿ ನನ್ನ ಕೈಗೇ ಕೊಟ್ಟಳು.

"ಲೈಬ್ರರಿಗೆ ಕೊಟ್ಟು ಬಾ. ಅವಳು ಬದುಕ್ಕಂಡ್ಲು. ನಾನೂ ಬದುಕ್ಕಂಡೆ."