ನಡೆಯದ ಕುಸ್ತಿಯ ಠರಾವು

ಸೋಲಾಪುರ ಮತ್ತು ಅಕ್ಕಲಕೋಟದ ನಡುವಿನ ಮಹಾಕುಸ್ತಿಯ ಮಾತುಕತೆ ೧೯೭೩ರಲ್ಲಿ ಆರಂಭವಾಗಿ, ಯಾವ ಅಡೆತಡೆಯೂ ಇಲ್ಲದೆ ೧೯೭೭ರವರೆಗೆ ನಡೆಯಿತು. ಕುಸ್ತಿಯೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಕಾಲಕ್ಕೆ ಸರಿಯಾಗಿ ಆಯಿತು.

ಸೋಲಾಪುರದ ಪಕ್ಷಕ್ಕೆ ಸಿದ್ದರಾಮಪ್ಪ ಸಾಹುಕಾರರಿದ್ದರು. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಅವರದು ಚಾದರದ ಕಾರಖಾನೆ. ಅವರು ಹಾಲು-ಬದಾಮಿ ಹಾಕಿ ಸಾಕಿದ ಪೈಲವಾನ ಹುಲಜಂತಿಯ ತುಕಾರಾಮ. ಅಕ್ಕಲಕೋಟದ ಪಕ್ಷಕ್ಕೆ ಶಿವಶರಣಪ್ಪ ಸಾಹುಕಾರರು. ಅವರದು ದಲಾಲಿಯ ಅಡತಿ ಅಂಗಡಿ, ಜೊತೆಗೆ ಶೇಂಗಾ ಹಿಂಡಿಯ ವ್ಯಾಪಾರ. ಅವರ ಪೈಲವಾನ ಕರಜಗಿಯ ಅಮೋಗಸಿದ್ಧ. ಒಂದು ಮದುವೆಯ ಪಂಕ್ತಿಯಲ್ಲಿ ಒಬ್ಬರಿಗಿಂತ ಮೊದಲು ಇನ್ನೊಬ್ಬರ ಎಲೆಗೆ ತುಪ್ಪ ಬಿದ್ದ ದಿನದಿಂದ ಸಾಹುಕಾರರ ನಡುವೆ ಮಾತಿರಲಿಲ್ಲ. ಆದ್ದರಿಂದ ಮಾತುಕತೆಗೆ ಒಂದು ಸಮಿತಿ ಬೇಕಾಯಿತು. ಊರ ಲೆಕ್ಕ ಬರೆದು ನಿವೃತ್ತರಾದ ತಲಾಠಿ ಕಲ್ಯಾಣಪ್ಪನವರು ಅದರ ಚಿಟಣೀಸರಾಗಿ, ಅಂದರೆ ಕಾರ್ಯದರ್ಶಿಯಾಗಿ, ಇಬ್ಬರ ಮನೆಯಲ್ಲೂ ಚಹಾ ಕುಡಿದು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸತೊಡಗಿದರು.

ಮೊದಲ ಕರಾರು ಸುಲಭವಾಗಿ ಆಯಿತು: ಮಹಾಕುಸ್ತಿ ಮುಗಿಯುವವರೆಗೆ ಇಬ್ಬರೂ ಪೈಲವಾನರು ಬೇರೆ ಯಾರೊಡನೆಯೂ ಕುಸ್ತಿ ಹಿಡಿಯತಕ್ಕದ್ದಲ್ಲ. ಇಬ್ಬರೂ ಖುಷಿಯಿಂದ ಹೆಬ್ಬೆಟ್ಟು ಒತ್ತಿದರು. ಬರುವ ತಿಂಗಳೇ ಕುಸ್ತಿ ಎಂದು ಅವರು ತಿಳಿದಿದ್ದರು.

ಆಮೇಲೆ ಭಿತ್ತಿಪತ್ರದ ಪ್ರಶ್ನೆ ಬಂತು. ಯಾರ ಹೆಸರು ಮೇಲೆ? ಬಹಳ ಚರ್ಚೆಯ ನಂತರ ಸಮಿತಿಯು ದುಂಡನೆಯ ಭಿತ್ತಿಪತ್ರವನ್ನು ಮಂಜೂರು ಮಾಡಿತು. ಹೆಸರುಗಳು ಅಂಚಿನ ಸುತ್ತ ಓಡುತ್ತಿದ್ದವು. ಅದನ್ನು ಓದಲು ಜನ ಗೋಡೆಯ ಮುಂದೆ ಕತ್ತು ತಿರುಗಿಸುತ್ತ ನಿಂತರು. ಇದರಿಂದ ಕುಸ್ತಿಯ ಬಗ್ಗೆ ಕುತೂಹಲ ಹೆಚ್ಚಿತು ಎಂದು ಸಮಿತಿ ತೃಪ್ತಿ ವ್ಯಕ್ತಪಡಿಸಿತು.

ನಂತರ ಸ್ಥಳದ ಪ್ರಶ್ನೆ. ಸಾಹುಕಾರರಿಬ್ಬರ ಮನೆಗಳ ನಡುವಿನ ಸರಿಯಾದ ಮಧ್ಯಬಿಂದುವಿನಲ್ಲಿ ಕುಸ್ತಿ ನಡೆಯಬೇಕೆಂದು ಠರಾವಾಯಿತು. ಅಳೆದಾಗ ಆ ಬಿಂದು ವಳಸಂಗದ ಹತ್ತಿರ ಕಲ್ಲಣ್ಣ ಎಂಬ ರೈತನ ಬಾವಿಯೊಳಗೆ ಬಿತ್ತು. ಬಾವಿ ಮುಚ್ಚಿಕೊಡಲು ಕೇಳಿದಾಗ ಕಲ್ಲಣ್ಣ, "ಬಾವ್ಯಾಗ ಇಳದು ಕುಸ್ತಿ ಹಿಡೀರಿ, ನಾ ಬ್ಯಾಡನ್ನಾಂಗಿಲ್ಲ. ಮುಚ್ಚಾಕ ಮಾತ್ರ ಬಿಡಾಂಗಿಲ್ಲ," ಎಂದ. ಆಗ ಸಿದ್ದರಾಮಪ್ಪನವರು ಸಾರ್ವಜನಿಕ ಹಿತದೃಷ್ಟಿಯಿಂದ ತಮ್ಮ ಮನೆಯ ಮುಂದೆ ಹೊಸ ಪಡಸಾಲೆ ಕಟ್ಟಿಸಿ, ಮಧ್ಯಬಿಂದುವನ್ನು ಬಾವಿಯಿಂದ ಹೊರಗೆ ತಂದರು. ಎದುರಾಳಿ ಬಿಂದುವನ್ನು ತಳ್ಳುತ್ತಿದ್ದಾನೆಂದು ಕೇಳಿ ಶಿವಶರಣಪ್ಪನವರೂ ಅಷ್ಟೇ ಉದ್ದದ ಪಡಸಾಲೆ ಕಟ್ಟಿಸಿದರು. ಬಿಂದು ಮತ್ತೆ ಬಾವಿಗೆ ಬಿತ್ತು.

ಕುಸ್ತಿಯ ಕಣವಾದ ಖಡಾದ ಮಣ್ಣು ಯಾರದು ಎಂಬ ಪ್ರಶ್ನೆಗೂ ಸಮಿತಿ ನ್ಯಾಯ ಒದಗಿಸಿತು. ಅರ್ಧ ಖಡಾಕ್ಕೆ ಸೋಲಾಪುರದ ಮಣ್ಣು, ಅರ್ಧಕ್ಕೆ ಅಕ್ಕಲಕೋಟದ್ದು. ತನ್ನ ತಾಲೂಕಿನ ಮಣ್ಣಿನ ಮೇಲೆ ಬೆನ್ನು ಹಚ್ಚಿದ ಪೈಲವಾನನು ಬಿದ್ದನೆಂದು ತಿಳಿಯತಕ್ಕದ್ದಲ್ಲ. ವಿಶ್ರಾಂತಿ ಪಡೆದನೆಂದು ತಿಳಿಯತಕ್ಕದ್ದು. ತುಕಾರಾಮನ ಹುಲಜಂತಿ ಮಂಗಳವೇಢಾ ತಾಲೂಕಿಗೆ ಸೇರಿದ್ದರಿಂದ, ಈ ನಿಯಮದ ಮಟ್ಟಿಗೆ ಮಂಗಳವೇಢಾವನ್ನು ಸೋಲಾಪುರವೆಂದು ಭಾವಿಸಲಾಯಿತು.

ಈ ನಡುವೆ ಒಂದು ಸಂಗತಿ ಸಾಹುಕಾರರ ಗಮನಕ್ಕೆ ಬಂತು. ಕೈಕೈ ಹಿಡಿದ ಇಬ್ಬರು ಪೈಲವಾನರನ್ನು ನೇಯ್ದ ಸಿದ್ದರಾಮಪ್ಪನವರ ಚಾದರ ಪುಣೆಯವರೆಗೂ ಹೋಗತೊಡಗಿತ್ತು. ಶಿವಶರಣಪ್ಪನವರ ಹಿಂಡಿಯ ಚೀಲದ ಮೇಲೆ ಅಮೋಗಸಿದ್ಧನೂ ಒಂದು ಎಮ್ಮೆಯೂ ನಿಂತಿದ್ದರು. ಹಿಂಡಿ ತಿಂದವರು ಯಾರೆಂದು ಸ್ಪಷ್ಟಪಡಿಸಿರಲಿಲ್ಲ. ಹಿಂಡಿಯೂ ಚೆನ್ನಾಗಿ ಹೋಗುತ್ತಿತ್ತು. ಕುಸ್ತಿ ಆದ ಮರುದಿನ ಇಬ್ಬರಲ್ಲಿ ಒಬ್ಬನು ಸೋತವನಾಗುತ್ತಾನೆ. ಸೋತ ಪೈಲವಾನನನ್ನು ಯಾರು ಹೊದೆಯುತ್ತಾರೆ? ಆ ನಂತರ ಹರಕತ್ತು-ತಕರಾರುಗಳು ಹೆಚ್ಚಾದವು. ಹಲಗೆ ಬಡಿಯುವವನು ಯಾವ ಕೈಯಿಂದ ಮೊದಲು ಬಡಿಯಬೇಕು ಎಂಬುದರ ಮೇಲೆಯೇ ಒಂದು ಮಳೆಗಾಲ ಕಳೆಯಿತು.

ಪೈಲವಾನರು ಕಾಯುತ್ತಿದ್ದರು. ಬೇರೆ ಊರಿನ ಕುಸ್ತಿಗಳಲ್ಲಿ ಅವರನ್ನು ಗದ್ದುಗೆಯ ಮೇಲೆ ಕೂರಿಸಿ ತೆಂಗಿನಕಾಯಿ ಕೊಟ್ಟು ಕಳಿಸುತ್ತಿದ್ದರು. ಅವರು ಸೋಲಿಸಬಹುದಾಗಿದ್ದ ಹುಡುಗರು ಅವರ ಕಣ್ಣೆದುರೇ ಫೇಟಾ ಸುತ್ತಿಸಿಕೊಂಡು ಹೋಗುತ್ತಿದ್ದರು. ಅಮೋಗಸಿದ್ಧ ಒಮ್ಮೆ ಅಕ್ಕಲಕೋಟಕ್ಕೆ ಹೋಗಿ, "ಸಾವ್ಕಾರ್ರ, ಮೈ ಅನ್ನೂದು ಗ್ವಾದಾಮಿನಾಗ ಇಡೂ ಮಾಲ್ ಅಲ್ಲರಿ. ಈ ವರ್ಷರ ಹಿಡಸ್ರಿ," ಎಂದು ಕೇಳಿದ. ಸಾಹುಕಾರರು ಪ್ರೀತಿಯಿಂದ ಅವನ ತೋಳು ಒತ್ತಿ ನೋಡಿ, "ಇನ್ನೂ ಗಟ್ಟಿ ಅದ. ಏನವಸರ?" ಎಂದರು.

ಒಂದು ಮಧ್ಯಾಹ್ನ ಕರಜಗಿಯಲ್ಲಿ ಎಸ್.ಟಿ. ಬಸ್ಸಿನಿಂದ ತುಕಾರಾಮ ಇಳಿದ. ಅಮೋಗಸಿದ್ಧನ ತಾಯಿ ಅಕ್ಕನಾಗಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಯವ್ವಾ, ಅಮೋಗಿ ಇದ್ದಾನೇನ್ರಿ?"

"ಹೊಲದಾಗ ಇದ್ದಾನ. ನೀ ಯಾರಪ್ಪ?"

"ನಾ ಅವನ ಜೋಡಿರಿ," ಎಂದ ತುಕಾರಾಮ. "ನಾಕ್ ವರ್ಷ ಆತು, ಕೈ ಹಿಡದಿಲ್ಲ."

ಆಕೆ ಮೊರ ಕೆಳಗಿಟ್ಟು ಅವನನ್ನು ಹೊಲಕ್ಕೆ ಕರೆದುಕೊಂಡು ಹೋದಳು. ಉತ್ತು ಬಿಟ್ಟ ಹೊಲ. ಅಮೋಗಸಿದ್ಧ ಬಂದವನನ್ನು ನೋಡಿದ, ಅಂಗಿ ಬಿಚ್ಚಿದ. ಒಂದು ಹಿಡಿ ಮಣ್ಣು ತೆಗೆದು ತುಕಾರಾಮನ ಮೈಗೆ ಎರಚಿದ. ಅವನೂ ಎರಚಿದ. ಆಮೇಲೆ ಅವರು ಹಿಡಿದುಕೊಂಡರು. ಅಮೋಗಸಿದ್ಧ ಕೆಳಗೆ ಬಂದು ಮೇಲೆದ್ದ; ತುಕಾರಾಮ ಮೊಳಕಾಲೂರಿ ಜಾರಿಸಿಕೊಂಡ. ಎತ್ತುಗಳು ಮೇಯುವುದನ್ನು ಬಿಟ್ಟು ನೋಡಿದವು. ಕೊನೆಗೆ ತುಕಾರಾಮ ಒಳಸರಿದು, ಅವನ ತೋಳನ್ನು ಹೆಗಲ ಮೇಲೆ ತಂದು, ಅಗಸ ಕಲ್ಲಿಗೆ ಬಟ್ಟೆ ಬಡಿದಂತೆ ತಂದು ಕೆಡವಿದ. ಅಮೋಗಸಿದ್ಧನ ಎರಡೂ ಭುಜ ಮಣ್ಣಿಗೆ ಹತ್ತಿದವು. ಒಂದರ ಕೀಲು ತಪ್ಪಿತು.

ಅವನು ಆಕಾಶ ನೋಡುತ್ತ ಮಲಗಿ ನಗತೊಡಗಿದ. "ಬಿದ್ನೆವ್ವ! ಕಡಿಗೂ ಬಿದ್ದೆ!" ಎಂದ.

ಅಕ್ಕನಾಗಮ್ಮ ಕಣ್ಣೊರೆಸಿಕೊಂಡು, ಕೀಲು ಕೂರಿಸುವವನನ್ನು ಕರೆಸಿ, ಇಬ್ಬರಿಗೂ ಭಕ್ರಿ ಹಾಕಿದಳು.

ತುಕಾರಾಮ ಮರಳಿದ ಬಸ್ಸಿನ ಕಂಡಕ್ಟರನ ಬಾಯಿಂದ ಸುದ್ದಿ ಸೋಲಾಪುರ ಮುಟ್ಟಿತು. ತಮ್ಮ ಪೈಲವಾನ ಗೆದ್ದನೆಂದು ಕೇಳಿ ಸಿದ್ದರಾಮಪ್ಪನವರ ಎದೆ ಒಡೆಯಿತು. ಅವರು ಜೀಪು ಹತ್ತಿ, ತುಪ್ಪದ ಪ್ರಕರಣದ ನಂತರ ಮೊದಲ ಸಲ, ಶಿವಶರಣಪ್ಪನವರ ಪಡಸಾಲೆ ಹತ್ತಿದರು.

"ನಿಮ್ಮಂವ ಗೆದ್ದಾನಂತ?" ಎಂದು ಶಿವಶರಣಪ್ಪನವರು ಸಣ್ಣ ದನಿಯಲ್ಲಿ ಕೇಳಿದರು.

"ಛೇ ಛೇ, ಹಂಗ ಅನಬ್ಯಾಡ್ರಿ. ನಿಮ್ಮಂವ ಎಲ್ಲಿ ಬಿದ್ದಾನ?"

"ಬಿದ್ದಿಲ್ಲಂತೀರಿ?"

"ನನ್ನ ಮಗ್ಗದ ಆಣಿ, ಬಿದ್ದಿಲ್ಲರಿ."

ಇಬ್ಬರ ಕಣ್ಣಲ್ಲೂ ನೀರು ಬಂತು. ಶಿವಶರಣಪ್ಪನವರು ಒಳಗಿನಿಂದ ತುಪ್ಪದ ಹೋಳಿಗೆ ತರಿಸಿದರು.

ವಿಚಾರಣೆಗೆ ಕರಜಗಿಗೆ ಹೋದ ಕಲ್ಯಾಣಪ್ಪನವರು ಮೊದಲು ಹೊಲದ ಮಣ್ಣನ್ನು ಪರಿಶೀಲಿಸಿದರು. ಅದು ಪೂರ್ತಿ ಅಕ್ಕಲಕೋಟ ತಾಲೂಕಿನದಾಗಿತ್ತು. ಆದ್ದರಿಂದ ಅಮೋಗಸಿದ್ಧನು ವಿಶ್ರಾಂತಿ ಪಡೆದಿದ್ದನು.

"ನಾ ಅವನ್ನ ಮಲಗಿಸಿದ್ನಿರಿ," ಎಂದ ತುಕಾರಾಮ.

ಕಲ್ಯಾಣಪ್ಪನವರು "ಮಲಗಿದ್ದನ್ನು ನೋಡಿದೆನು" ಎಂದು ಬರೆದುಕೊಂಡರು.

ಸೋಲಾಪುರದಲ್ಲಿ ದೊಡ್ಡ ಸಭೆ ನಡೆದು ಈ ಕೆಳಗಿನ ಠರಾವು ಚಪ್ಪಾಳೆಯ ನಡುವೆ ಪಾಸಾಯಿತು: "ಕರಜಗಿಯಲ್ಲಿ ಯಾವ ಕುಸ್ತಿಯೂ ನಡೆದಿಲ್ಲ. ಮುಂದೆ ಅಲ್ಲಿ ನಡೆಯುವುದನ್ನೂ ನಡೆದಿಲ್ಲವೆಂದೇ ತಿಳಿಯತಕ್ಕದ್ದು. ಮಹಾಕುಸ್ತಿಯು ಎಂದಿನಂತೆ ಸದ್ಯದಲ್ಲೇ ಜರುಗಲಿದೆ." ಕುಸ್ತಿ ಹಿಡಿಯದ ಶಿಸ್ತಿಗಾಗಿ ಇಬ್ಬರೂ ಪೈಲವಾನರಿಗೆ ಫೇಟಾ ಸುತ್ತಲಾಯಿತು. ಅಮೋಗಸಿದ್ಧನ ಕೈ ಜೋಳಿಗೆಯಲ್ಲಿದ್ದುದರಿಂದ ಅವನ ಪರವಾಗಿ ತುಕಾರಾಮನೇ ಎರಡು ತೆಂಗಿನಕಾಯಿ ಹಿಡಿದುಕೊಂಡ.

ವೇದಿಕೆಯ ಮೇಲೆ ಅವನು ಪಕ್ಕಕ್ಕೆ ಬಾಗಿ ಕೇಳಿದ: "ಭುಜ ಕೂಡಿದ ಮ್ಯಾಲ ಮತ್ತೊಮ್ಮಿ ಹಿಡಿಲಾರದಂಗ ಹಿಡಿಯೂಣೇನು?"

"ಠರಾವೇ ಆಗ್ಯಾದಲ್ಲ," ಎಂದ ಅಮೋಗಸಿದ್ಧ.

ಅಂದಿನಿಂದ ಸುಗ್ಗಿ ಮುಗಿದ ಮೇಲೆ ಕರಜಗಿಯಲ್ಲಿ ಕುಸ್ತಿ ನಡೆಯದಿರುವ ಪದ್ಧತಿ ಬಂದಿದೆ. ಸುತ್ತಲಿನ ಊರುಗಳ ಜನ ಬುತ್ತಿ ಕಟ್ಟಿಕೊಂಡು ಬಂದು, ಬದುವಿನ ಮೇಲೆ ಕೂತು, ಸಿಳ್ಳೆ ಹಾಕಿ, ಏನನ್ನೂ ನೋಡದೆ ಹೋಗುತ್ತಾರೆ. ಮೊದಲ ವರ್ಷ ಅಲ್ಲಿ ಏನೂ ನಡೆಯುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಸಮಿತಿ ಕಲ್ಯಾಣಪ್ಪನವರನ್ನು ಕಳಿಸಿತು. ಅವರು ಛತ್ರಿ ಹಿಡಿದು ಅಕ್ಕನಾಗಮ್ಮನ ಪಕ್ಕದಲ್ಲಿ ಕೂತರು. ಈ ಸಲ ಅಮೋಗಸಿದ್ಧ ತುಕಾರಾಮನನ್ನು ಸೊಂಟ ಹಿಡಿದೆತ್ತಿ ಚಿತ್ ಮಾಡಿದಾಗ, ಚಿಟಣೀಸರ ಛತ್ರಿ ಗಾಳಿಗೆ ಹಾರಿ ಬಾರಿ ಮುಳ್ಳಿನ ಬೇಲಿಗೆ ಸಿಕ್ಕಿತು. ಎರಡೂ ಕೈಯಿಂದ ಚಪ್ಪಾಳೆ ತಟ್ಟುತ್ತಿದ್ದ ಅವರಿಗೆ ಅದು ತಿಳಿಯಲಿಲ್ಲ.

ಮರುದಿನ ಸಾಹುಕಾರರಿಬ್ಬರೂ ಒಟ್ಟಿಗೆ ಕೂತು ವರದಿ ಕೇಳಿದರು. ಕಲ್ಯಾಣಪ್ಪನವರು ದೇವರ ಮೇಲೆ ಕೈಯಿಟ್ಟು ಹೇಳಿದರು: "ಅಂಥಾ ಕುಸ್ತಿ ನಾ ಜನ್ಮದಾಗ ನೋಡಿಲ್ಲರಿ."

ವರದಿಯನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು.