ಜೋಡಿ ಸದಸ್ಯತ್ವ ರದ್ದಾದ ಬಗ್ಗೆ ಜಿಮ್ ಮಾಲೀಕರಿಗೆ ಒಂದು ತಕರಾರು

ಮಾನ್ಯ ಮಾಲೀಕರೇ,

ತಮ್ಮನ್ನು ನಾನು ಮುಖತಃ ಕಂಡವಳಲ್ಲ. ಆದರೂ ತಮ್ಮ ಜಿಮ್ಮಿನ ಮೆಟ್ಟಿಲೇರಿದ ಕೂಡಲೇ ಎದುರಾಗುತ್ತಿದ್ದ ಆಳೆತ್ತರದ ಚಿತ್ರದಲ್ಲಿ, ಎರಡೂ ತೋಳು ಮಡಚಿ ಎತ್ತಿ ಹಿಡಿದು ತಾವು ನಗುತ್ತಿದ್ದುದನ್ನು ವಾರಕ್ಕೆ ಮೂರು ಬಾರಿ ಕಂಡಿರುವುದರಿಂದ, ಆ ತೋಳುಗಳಿಗೂ ಅವುಗಳ ನಡುವೆ ಇರುವ ತಮಗೂ ಮೊದಲು ನನ್ನ ನಮಸ್ಕಾರಗಳು. ತಾವು ಕ್ಷೇಮವೆಂದೂ ತಮ್ಮ ಸ್ನಾಯುಗಳು ಒಂದೊಂದೂ ಬೇರೆಬೇರೆಯಾಗಿ ಕ್ಷೇಮವೆಂದೂ ನಂಬಿದ್ದೇನೆ. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ತಮಗೆ ಖಾಸಗಿಯಾಗಿ ಬರೆದ ಆರು ಪತ್ರಗಳಿಗೂ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಒಂದೇ ಉತ್ತರ ಬಂದದ್ದರಿಂದ, ಅಷ್ಟು ಅಮೂಲ್ಯವಾದದ್ದನ್ನು ನಾಲ್ಕು ಜನರ ಮುಂದೆ ಇಡದೆ ಬಚ್ಚಿಡುವುದು ಸ್ವಾರ್ಥವಾದೀತೆಂದು ಅನ್ನಿಸಿತು.

ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಶಾಲೆಯ ಪಠ್ಯ, ಔಷಧಿ ಡಬ್ಬದೊಳಗೆ ಎಂಟು ಮಡಿಕೆಯಾಗಿ ಕೂರುವ ಚೀಟಿ, ವಿಮೆಯ ಕರಾರು, ಹೀಗೆ ಇರುವೆ ಸಾಲಿನಂಥ ಅಕ್ಷರಗಳ ಮೇಲೆ ಮೂವತ್ತೇಳು ವರ್ಷ ಬಗ್ಗಿದ ಫಲವಾಗಿ ನನ್ನ ಬಲಭುಜ ಹಿಡಿದುಕೊಂಡು, ಬಾಚಣಿಗೆ ಹಿಡಿದ ಕೈ ಕಿವಿಯ ತನಕ ಬಂದು ಅಲ್ಲಿಂದ ಮುಂದೆ ಹೋಗಲು ಒಪ್ಪದಾಯಿತು. ವೈದ್ಯರು ವ್ಯಾಯಾಮ ಮಾಡಿ ಎಂದರು. ನನಗಿಂತ ಮೂರು ವರ್ಷಕ್ಕೆ ಹಿರಿಯಳಾದ, ಆಗಷ್ಟೇ ಶಾಲೆಯಿಂದ ನಿವೃತ್ತಳಾಗಿದ್ದ, ಲೆಕ್ಕದ ಟೀಚರ್ ಆದ ನನ್ನ ಅಕ್ಕನಿಗೆ ಮಂಡಿನೋವು. ಇಬ್ಬರೂ ಒಟ್ಟಿಗೆ ಸೇರಿದರೆ ‘ಜೋಡಿ ಸದಸ್ಯತ್ವ’ವೆಂದು ರಿಯಾಯಿತಿ ಸಿಗುತ್ತದೆಂದು ತಮ್ಮ ಶಾಖೆಯ ವ್ಯವಸ್ಥಾಪಕರು ಹೇಳಿದರು. ಅವರ ಮುಖದಿಂದ ನಗು ಇಳಿದದ್ದನ್ನು ಯಾರೂ ಕಾಣದ ಕಾರಣ ನಾವು ಅವರನ್ನು ‘ನಗುಮೊಗ’ ಎಂದೇ ಕರೆಯುತ್ತಿದ್ದೆವು. ಅವರು ಚಾಚಿದ ಎರಡು ವರ್ಷದ ಕರಾರಿಗೆ, ಊರಿನವರ ಕರಾರನ್ನೆಲ್ಲ ಅಲ್ಪವಿರಾಮ ಬಿಡದೆ ಓದುವ ನಾನು, ಒಂದು ಸಾಲನ್ನೂ ಓದದೆ ಸಹಿ ಹಾಕಿದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಮೊದಲ ನಾಲ್ಕು ತಿಂಗಳು ಸುಖವಾಗಿ ಕಳೆದವು. ನನ್ನ ಕೈ ಕಿವಿಯನ್ನು ದಾಟಿ ನೆತ್ತಿಯ ಹತ್ತಿರ ಬಂತು. ಅಕ್ಕ ಮಾತ್ರ ತನ್ನ ಸೈಕಲ್ಲಿನ ಮೇಲೆ ಕೂತು ನನ್ನ ವ್ಯಾಯಾಮವನ್ನು ಎಣಿಸುತ್ತಿದ್ದಳು. ನಾನು ಹತ್ತು ಎಂದರೆ ಅವಳು ಎಂಟು ಎನ್ನುತ್ತಿದ್ದಳು. ಒಂದು ಸಂಜೆ ನಾನು “ಎಣಿಸೋದು ಬಿಡಕ್ಕ, ಇದು ನಿನ್ನ ಕ್ಲಾಸಲ್ಲ” ಎಂದೆ. ಅವಳು “ಎಣಿಸದಿದ್ರೆ ನೀನು ಯಾವುದನ್ನೂ ಮುಗಿಸಲ್ಲ” ಎಂದಳು. ನಾನು “ನನ್ನ ಓದನ್ನ ಮುಗಿಸೋಕೆ ಬಿಡದೇ ಇದ್ದೋರು ಯಾರು?” ಎಂದೆ. ಎಂಟೋ ಹತ್ತೋ ಎಂಬಲ್ಲಿಂದ ಹೊರಟ ಮಾತು ಕಾಲು ಗಂಟೆಯಲ್ಲಿ ಮೂವತ್ತೇಳು ವರ್ಷ ಹಿಂದಕ್ಕೆ ಹೋಗಿ ನಿಂತಿತು. ಆಗ ಅಪ್ಪ ಹಾಸಿಗೆ ಹಿಡಿದಿದ್ದರು, ಮನೆಗೆ ಒಂದು ಸಂಬಳ ಬೇಕಿತ್ತು, ಅಕ್ಕ ಟೀಚರ್ ತರಬೇತಿ ಮುಂದುವರಿಸಿದಳು, ಹತ್ತೊಂಬತ್ತರ ನಾನು ಕಾಲೇಜು ಬಿಟ್ಟು ಮುದ್ರಣಾಲಯದ ಮೆಟ್ಟಿಲು ಹತ್ತಿದೆ. ಯಾಕೆ ನಾನೇ ಎಂದು ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಆಡದ ಮಾತನ್ನು ತಮ್ಮ ಜಿಮ್ಮಿನಲ್ಲಿ, ಬೆವರು ಒರೆಸಿಕೊಳ್ಳುತ್ತಿದ್ದ ಹದಿನಾಲ್ಕು ಜನರ ಎದುರಿಗೆ ಆಡಿದೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂಬಂತೆ, ಅಕ್ಕ ಸೈಕಲ್ಲಿನಿಂದ ಇಳಿದು ಹೋದವಳು ಮತ್ತೆ ಬರಲಿಲ್ಲ. ಹನ್ನೊಂದು ತಿಂಗಳು ನಾವಿಬ್ಬರೂ ಮಾತಾಡಲಿಲ್ಲ. ನಾನೊಬ್ಬಳೇ ಬಂದು, ಎಂಟನ್ನು ಹತ್ತೆಂದು ಎಣಿಸಿಕೊಂಡು, ಯಾರ ಆಕ್ಷೇಪಣೆಯೂ ಇಲ್ಲದೆ ಮನೆಗೆ ಹೋಗುತ್ತಿದ್ದೆ.

ಆಗ ತಮ್ಮ ಕೃಪಾಕಟಾಕ್ಷ ನಮ್ಮ ಮೇಲೆ ಬಿತ್ತು. ‘ಸದಸ್ಯರ ಅನುಕೂಲಕ್ಕಾಗಿ’ ನಮ್ಮ ಶಾಖೆಯನ್ನು ಮುಚ್ಚಿ, ನಗರದ ಇನ್ನೊಂದು ತುದಿಯ ಶಾಖೆಯೊಂದಿಗೆ ವಿಲೀನ ಮಾಡಲಾಗಿದೆಯೆಂದು ಸಂದೇಶ ಬಂತು. ಎರಡು ಬಸ್ಸು ಬದಲಿಸಿ, ಅಲ್ಲಿಂದ ಅರ್ಧ ಗಂಟೆ ನಡೆದು ಹೋಗಬೇಕಾದ ಆ ಶಾಖೆಯನ್ನು ತಲುಪಿದವರಿಗೆ ಮತ್ತೆ ವ್ಯಾಯಾಮದ ಅಗತ್ಯವೇ ಬೀಳದಂತೆ ಯೋಜಿಸಿದ ತಮ್ಮ ದೂರದೃಷ್ಟಿ ದೊಡ್ಡದು. ಅಲ್ಪಳಾದ ನಾನು ಮಾತ್ರ ಸದಸ್ಯತ್ವ ರದ್ದು ಮಾಡಿ ಎಂದು ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಕೊಳಲಿನ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ, ಕರಾರಿನ ಹದಿನಾಲ್ಕನೇ ನಿಯಮದಂತೆ ಜೋಡಿಯ ಇಬ್ಬರೂ ಒಟ್ಟಿಗೆ, ಒಂದೇ ದಿನ, ಮೊದಲು ಸೇರಿದ್ದ ಶಾಖೆಗೆ ಖುದ್ದಾಗಿ ಬಂದು ಸಹಿ ಮಾಡಬೇಕೆಂದು ತಿಳಿಸಿದಳು.

“ಆ ಶಾಖೆ ಮುಚ್ಚಿದ್ದೀರಲ್ಲಮ್ಮ.”

“ಹೌದು ಮೇಡಂ. ಆದ್ರೆ ಅಲ್ಲಿಗೇ ಬರಬೇಕು.”

ಅವಳ ದನಿಯಲ್ಲಿ ಕುಚೋದ್ಯದ ಸುಳಿವೂ ಇರಲಿಲ್ಲ. ಒಳಗೆ ಹೋಗುವುದಕ್ಕೆ ಹೆಬ್ಬಾಗಿಲನ್ನೂ ಹೊರಗೆ ಬರುವುದಕ್ಕೆ ಸೂಜಿಯ ಕಣ್ಣನ್ನೂ ಇಡುವುದು ಹಳೆಯ ಪದ್ಧತಿ. ತಾವು ಸೂಜಿಯನ್ನೇ ಬೀಗ ಹಾಕಿಟ್ಟವರು.

ಹೀಗಾಗಿ ಒಂದು ಭಾನುವಾರ ಅಕ್ಕನ ಮನೆಯ ಬಾಗಿಲಿಗೆ ಹೋಗಿ ನಿಂತೆ. ದಾರಿಯುದ್ದಕ್ಕೂ ನಾಲ್ಕು ಬಗೆಯ ಮಾತು ಜೋಡಿಸಿಕೊಂಡು ಹೋಗಿದ್ದರೂ ಬಾಗಿಲು ತೆರೆದಾಗ ಬಾಯಿಗೆ ಬಂದದ್ದು “ಒಂದು ಸಹಿ ಬೇಕಿತ್ತು” ಎಂಬುದಷ್ಟೇ. ಅವಳು ಕನ್ನಡಕ ತಂದು, ಕರಾರನ್ನು ಮೇಜಿನ ಮೇಲೆ ಹರಡಿ, ಮೊದಲಿಂದ ಕೊನೆಯ ತನಕ ಓದಿದಳು.

“ಇದನ್ನ ಓದದೆ ಸಹಿ ಹಾಕಿದೀಯಾ, ನೀನು?”

“ನೀನೂ ಹಾಕಿದೀಯ.”

“ನಾನು ಲೆಕ್ಕದೋಳು. ಓದೋದು ನಿನ್ನ ಕೆಲಸ ಅಂತ ಬಿಟ್ಟಿದ್ದೆ.” ಆಮೇಲೆ ಕರಾರನ್ನು ಮಡಿಸುತ್ತ, “ಆ ಜಾಗಕ್ಕೇ ಹೋಗಿ ನಿಂತು ಬರೋಣ. ನಾವು ಹೋಗಿದ್ವಿ ಅನ್ನೋದಕ್ಕೆ ಯಾರದಾದ್ರೂ ಸಾಕ್ಷಿ ಹಾಕಿಸ್ಕೊಳ್ಳೋಣ” ಎಂದಳು.

ತಮ್ಮ ಹಳೆಯ ಶಾಖೆ ಈಗ ಹಾಸಿಗೆಯ ಅಂಗಡಿಯಾಗಿರುವುದು ತಮಗೆ ತಿಳಿದಿರಬಹುದು. ಓಡುವ ಯಂತ್ರಗಳಿದ್ದ ಜಾಗದಲ್ಲಿ ಸಾಲಾಗಿ ಹಾಸಿಗೆಗಳು, ತಾವು ತೋಳು ತೋರಿಸುತ್ತಿದ್ದ ಗೋಡೆಯಲ್ಲಿ ತಲೆದಿಂಬುಗಳು. ‘ಈ ಇಬ್ಬರೂ ಇಂದು ಇಲ್ಲಿಗೆ ಬಂದಿದ್ದರು, ಇಲ್ಲಿ ಜಿಮ್ ಇರಲಿಲ್ಲ’ ಎಂದು ಅಕ್ಕ ಬರೆದ ಚೀಟಿಗೆ ಸಹಿ ಹಾಕಲು ಅಂಗಡಿಯವರು ಕೂಡಲೇ ಒಪ್ಪಿದರು. ಒಂದೇ ಷರತ್ತೆಂದರೆ ನಾವು ಒಂದು ಹಾಸಿಗೆಯನ್ನಾದರೂ ಮಲಗಿ ನೋಡಬೇಕು. ಚಪ್ಪಲಿ ಬಿಟ್ಟು ಇಬ್ಬರೂ ಮಲಗಿದೆವು. ನಾವಿಬ್ಬರೂ ಒಂದೇ ಹಾಸಿಗೆಯ ಮೇಲೆ ಮಲಗಿ ಅದೆಷ್ಟು ವರ್ಷಗಳಾಗಿದ್ದವೋ. ಅಕ್ಕ ಮಗ್ಗುಲಾಗದೆ ಸೂರನ್ನೇ ನೋಡುತ್ತ ಹೇಳಿದಳು:

“ಅಪ್ಪ ಅವತ್ತು ನನ್ನನ್ನ ಕೇಳಿದ್ರು. ಇಬ್ಬರಲ್ಲಿ ಯಾರು ಓದು ಬಿಡೋದು ಅಂತ. ನೀನು ಹಿತ್ತಲಲ್ಲಿದ್ದೆ. ನಿನ್ನ ಹೆಸರು ಹೇಳಿದ್ದು ನಾನೇ.”

ಮಾಲೀಕರೇ, ಆ ಕ್ಷಣ ನನಗೆ ಎದ್ದು ಹೋಗಬೇಕೆನಿಸಿತು. ಆದರೆ ಆ ಹಾಸಿಗೆ ಬಹಳ ಮೆತ್ತಗಿತ್ತು, ಭುಜ ಇನ್ನೂ ಪೂರ್ತಿ ಸರಿಯಾಗಿರಲಿಲ್ಲ, ಬೇಗ ಏಳುವುದು ಸಾಧ್ಯವಿರಲಿಲ್ಲ. ಆದ್ದರಿಂದ ಕೇಳಿದೆ:

“ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಮಾತು ಬಿಡ್ತೀಯ ಅಂತ.”

“ಬಿಟ್ಟಿದ್ದೆನಲ್ಲ, ಹನ್ನೊಂದು ತಿಂಗಳು.”

ಮೊದಲು ನಕ್ಕದ್ದು ಅವಳೋ ನಾನೋ ಗೊತ್ತಿಲ್ಲ. ಹಾಸಿಗೆ ಪೂರ್ತಿ ಅಲುಗಾಡುವಂತೆ ನಕ್ಕೆವು. ನಗುತ್ತ ನಗುತ್ತ ಅವಳು ಅಳುತ್ತಿದ್ದಾಳೆಂದು ನನಗೆ ಗೊತ್ತಾದದ್ದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಾಗ. ಅಂಗಡಿಯವರು ಹತ್ತಿರ ಬಂದು, “ಸ್ಪ್ರಿಂಗ್ ಜಾಸ್ತಿ ಅನ್ಸುತ್ತಾ ಮೇಡಂ? ಗಟ್ಟಿಯದು ತೋರಿಸ್ಲಾ?” ಎಂದು ಕೇಳಿದರು. ನೋವು ಒಂದೇ ಮಲಗುವಿಕೆಗೆ ಹೋಯಿತೆಂದು ನಾನು ಸುಳ್ಳು ಹೇಳಲಾರೆ. ಮನೆಗೆ ಹೋದ ಮೇಲೆ ಎರಡು ದಿನ ಅವಳ ಫೋನ್ ಎತ್ತಲಿಲ್ಲ. ಮೂರನೆಯ ದಿನ ನಾನೇ ಮಾಡಿದೆ. ಅಂಗಡಿಯಿಂದ ಹೊರಡುವ ಮೊದಲು ಅವಳು ಬರೆದು ನನಗೆ ತೋರಿಸಿದ್ದ, ತಮ್ಮ ಮೇಲಿನ ದೂರಿನ ಕರಡು ಅವಳ ಬಳಿಯೇ ಇತ್ತು, ಅದರಲ್ಲಿ ಹನ್ನೆರಡು ಕಾಗುಣಿತದ ತಪ್ಪುಗಳಿದ್ದವು, ಅದನ್ನು ಹಾಗೇ ಬಿಡುವುದು ನನ್ನ ಕೈಲಾಗಲಿಲ್ಲ.

ಅಲ್ಲಿಂದ ಮುಂದಿನದನ್ನು ತಾವು ಬಲ್ಲಿರಿ. ಬ್ಯಾಂಕಿನಲ್ಲಿ ಲಿಖಿತವಾಗಿ ಕೊಟ್ಟು, ತಿಂಗಳು ತಿಂಗಳೂ ತಾನೇತಾನಾಗಿ ತಮ್ಮತ್ತ ಹರಿಯುತ್ತಿದ್ದ ಕಂತನ್ನು ನಿಲ್ಲಿಸಿದೆವು. ತಮಗೆ ರಿಜಿಸ್ಟರ್ ಅಂಚೆಯಲ್ಲಿ ನೋಟೀಸು ಕಳಿಸಿದೆವು. ನಾವು ದೂರು ಕೈಬಿಟ್ಟರೆ ಮೂರು ತಿಂಗಳು ಉಚಿತವೆಂದು ತಾವು ಕರುಣಿಸಿದಿರಿ. ಸೆರೆಮನೆಯವರು ಊಟ ಚೆನ್ನಾಗಿದೆ, ಇನ್ನೂ ಸ್ವಲ್ಪ ದಿನ ಇರಿ ಎಂದಂತಿದ್ದ ಆ ಔದಾರ್ಯವನ್ನು ವಿನಯದಿಂದ ನಿರಾಕರಿಸಿ, ಗ್ರಾಹಕರ ದೂರು ಕೇಳುವ ಕಚೇರಿಯಲ್ಲಿ ಅರ್ಜಿ ಹಾಕಿದೆವು. ವಕೀಲರಿಲ್ಲ, ಕರಾರಿನ ಪ್ರತಿ, ಅಂಚೆ ರಸೀದಿ, ಹಾಸಿಗೆಯಂಗಡಿಯವರ ಸಹಿ, ಅಕ್ಕ ಗೆರೆ ಹಾಕಿ ಬರೆದ ತಾರೀಕುಗಳ ಪಟ್ಟಿ, ಇಷ್ಟೇ ನಮ್ಮ ಬಲ.

ವಿಚಾರಣೆಯ ದಿನ ತಮ್ಮ ಪರವಾಗಿ ನಗುಮೊಗರು ಬಂದಿದ್ದರು. ಅಧಿಕಾರಿಣಿ ಕಾಗದಗಳನ್ನೆಲ್ಲ ತಿರುವಿ ನೋಡಿ ಅವರನ್ನು ಕೇಳಿದರು: “ಇವರು ಎಲ್ಲಿಗೆ ಬಂದು ಸಹಿ ಮಾಡ್ಬೇಕು?”

“ಸೇರಿದ ಶಾಖೆಗೇ ಬರಬೇಕು ಅಂತ ನಿಯಮ ಇದೆ ಮೇಡಂ.”

“ನಿಯಮ ಇದೆ ಅಂತ ಗೊತ್ತಾಯ್ತು. ನಾನು ಕೇಳಿದ್ದು ಬಾಗಿಲು ಎಲ್ಲಿದೆ ಅಂತ.”

ನಗುಮೊಗರು ನಗುತ್ತಲೇ ತಲೆ ತಗ್ಗಿಸಿದರು. ಶಾಖೆ ಮುಚ್ಚಿದ ದಿನವೇ ಸದಸ್ಯತ್ವವೂ ಮುಗಿದಂತೆ, ಆಮೇಲೆ ಪಡೆದದ್ದನ್ನು ಹಿಂತಿರುಗಿಸಬೇಕು, ಲಿಖಿತವಾಗಿ ಕ್ಷಮೆ ಕೇಳಬೇಕು ಎಂದು ಆದೇಶವಾಯಿತು. ತಾವು ಹತ್ತೇ ದಿನದಲ್ಲಿ ಎಲ್ಲವನ್ನೂ ಪಾಲಿಸಿದಿರಿ.

ನನ್ನ ತಕರಾರು ಇರುವುದೇ ಇಲ್ಲಿ. ಇಷ್ಟು ಬೇಗ ಸೋಲುವುದು ಆ ತೋಳುಗಳಿಗೆ ತಕ್ಕದ್ದೇ? ಐದು ತಿಂಗಳ ಕಾಲ ಪ್ರತಿ ಮಂಗಳವಾರ ಅಕ್ಕ ಮತ್ತು ನಾನು ತಮ್ಮ ಕುರಿತ ಕಡತ ಹರಡಿಕೊಂಡು ಕೂರುತ್ತಿದ್ದೆವು. ಎರಡು ಸಾಲು ತಮ್ಮ ಬಗ್ಗೆ ಬರೆದರೆ ಎರಡು ಗಂಟೆ ಅಪ್ಪನ ಬಗ್ಗೆ, ಅಮ್ಮನ ಬಗ್ಗೆ, ನಾನು ಬಿಟ್ಟ ಕಾಲೇಜಿನ ಬಗ್ಗೆ, ಬಯ್ಯಬೇಕಾದದ್ದನ್ನು ಬಯ್ದು ಕೇಳಬೇಕಾದದ್ದನ್ನು ಕೇಳಿಕೊಂಡು ಕಳೆಯುತ್ತಿದ್ದೆವು. ಬಂಧುಬಳಗವೆಲ್ಲ ಸೇರಿ ಹನ್ನೊಂದು ತಿಂಗಳಲ್ಲಿ ಮಾಡಲಾಗದ ಕೆಲಸವನ್ನು ತಮ್ಮ ಹದಿನಾಲ್ಕನೇ ನಿಯಮ ಒಂದು ಭಾನುವಾರದಲ್ಲಿ ಮಾಡಿತು. ಈಗ ಕಡತ ಮುಚ್ಚಿದೆ, ಮಂಗಳವಾರಕ್ಕೊಂದು ನೆಪ ಬೇಕಾಗಿದೆ. ಆದ್ದರಿಂದ ದಯವಿಟ್ಟು ಮೇಲ್ಮನವಿ ಸಲ್ಲಿಸಿ. ಅದಾಗದಿದ್ದರೆ ನಮ್ಮನ್ನು ಮತ್ತೊಮ್ಮೆ ನಮಗೆ ಗೊತ್ತಿಲ್ಲದಂತೆ ಸದಸ್ಯರನ್ನಾಗಿ ಮಾಡಿಕೊಳ್ಳಿ. ತಮಗೆ ಅದು ಕಷ್ಟದ ಕೆಲಸವಲ್ಲ. ಹಾಗೆಯೇ ಆ ಹದಿನಾಲ್ಕನೇ ನಿಯಮವನ್ನು ಅಳಿಸಬೇಡಿ. ಮಾತು ಬಿಟ್ಟ ಅಣ್ಣತಮ್ಮಂದಿರು, ಮುಖ ತಿರುಗಿಸಿಕೊಂಡ ಅತ್ತೆ ಸೊಸೆಯರು, ಬೇಲಿಯ ಮೇಲೆ ಜಗಳವಾಡುವ ನೆರೆಯವರು, ಇವರನ್ನೆಲ್ಲ ಜೋಡಿಜೋಡಿಯಾಗಿ ಸೇರಿಸಿಕೊಂಡು, ಆಮೇಲೆ ಶಾಖೆ ಮುಚ್ಚಿಬಿಡಿ. ಉಳಿದದ್ದನ್ನು ಹಾಸಿಗೆಯಂಗಡಿಯವರು ನೋಡಿಕೊಳ್ಳುತ್ತಾರೆ.

ತಾವು ಬಿಟ್ಟರೂ ತಮ್ಮನ್ನು ಬಿಡಲಾರದ, ಎಂದೆಂದಿಗೂ ತಮ್ಮ ವಿಶ್ವಾಸಿ,
ಜೋಡಿಯ ಕಿರಿಯ ಅರ್ಧ

ಮರೆತ ಮಾತು: ವಿಚಾರಣೆ ಮುಗಿದು ನಾವು ಮೆಟ್ಟಿಲಿಳಿಯುತ್ತಿದ್ದಾಗ ನಗುಮೊಗರು ಹಿಂದೆಯೇ ಓಡಿ ಬಂದು, ಅತ್ತಿತ್ತ ನೋಡಿ, “ಅಕ್ಕಾ, ನಾನು ರಾಜೀನಾಮೆ ಕೊಟ್ಟು ನಾಲ್ಕು ತಿಂಗಳಾಯ್ತು. ಬಿಡ್ತಾನೇ ಇಲ್ಲ. ಎಲ್ಲಿ ದೂರು ಕೊಡ್ಬೇಕು?” ಎಂದು ಕೇಳಿದರು. ಆಗ ಅವರ ಮುಖದಲ್ಲಿ ನಗುವಿರಲಿಲ್ಲ. ಕಾರ್ಮಿಕರ ಕಚೇರಿ ಅದೇ ಕಟ್ಟಡದ ಎರಡನೆಯ ಮಹಡಿಯಲ್ಲಿದೆ. ಅವರ ಅರ್ಜಿಯನ್ನು ಅಕ್ಕ ಬರೆದಿದ್ದಾಳೆ, ನಾನು ತಿದ್ದಿದ್ದೇನೆ. ವಿಚಾರಣೆ ಬರುವ ಮಂಗಳವಾರ. ಈ ಬಾರಿ ತಮ್ಮ ಪರವಾಗಿ ಕಳಿಸಲು ಅವರಿರುವುದಿಲ್ಲವಾದ್ದರಿಂದ, ತಾವೇ ಖುದ್ದಾಗಿ ಬರಬೇಕಾಗುತ್ತದೆ. ಲಿಫ್ಟ್ ಕೆಟ್ಟಿದೆ.