ಸ್ಲರ್ಪ್ ಮಾಡಲಾರದವನ ಕಾಫಿ

ತುಟಿಗೆ ಲೋಟ ತಾಗಿಸದೆ ಕುಡಿಯುವವನನ್ನು ಕಾಫಿ ಸೀಮೆಯಲ್ಲಿ ಫಜೀತಿಗಳು ಹುಡುಕಿಕೊಂಡು ಬರುತ್ತವೆ. ನಾನು ಮಡಿ, ಎಂಜಲು ನೋಡುವ ಮನೆಯಲ್ಲಿ ಬೆಳೆದವನು. ಬಿಸಿಬಿಸಿ ಕಾಫಿಯನ್ನು ಗೇಣು ಮೇಲಿಂದ ಬಾಯಿಗೆ ಸುರಿದುಕೊಳ್ಳುವುದು ಏಳನೇ ವಯಸ್ಸಿಗೇ ಬಂದಿತ್ತು. ಬೇರೆ ಯಾವ ವಿದ್ಯೆಯೂ ಅಷ್ಟು ಬೇಗ ಹತ್ತಲಿಲ್ಲ.

೧. ಬಂಗಲೆಯ ಕಪ್ಪು

ಮದುವೆಯಾದ ಹೊಸತರಲ್ಲಿ, ಸತ್ಯನಾರಾಯಣ ಪೂಜೆಯ ಪ್ರಸಾದ ಕೊಡಲು ಪಕ್ಕದ ಎಸ್ಟೇಟಿನ ಬಂಗಲೆಗೆ ಹೋಗಿದ್ದೆ. ಅಲ್ಲಿನ ಅಮ್ಮಾವ್ರು ಪಿಂಗಾಣಿ ಕಪ್ಪಿನಲ್ಲಿ ಕಾಫಿ ಕೊಟ್ಟು, ಒಂದು ಸಿಪ್ ತಗೊಳ್ಳಿ ಎಂದರು. ನಾನು ಅಭ್ಯಾಸದಂತೆ ಎತ್ತಿ ಸುರಿದೆ. ನಮ್ಮ ಲೋಟಕ್ಕೆ ಮಡಿಚಿದ ಅಂಚಿರುತ್ತದೆ, ಧಾರೆ ನೇರ ಬೀಳುತ್ತದೆ. ಆ ಕಪ್ಪಿಗೆ ಅಂಚೇ ಇಲ್ಲ. ಸ್ವಲ್ಪ ಬಾಯಿಗೆ ಬಿತ್ತು, ಉಳಿದದ್ದು ಎರಡು ಪಾಲಾಗಿ ಎರಡೂ ಕಿವಿಯ ಕಡೆ ಹೊರಟಿತು.

ಅಮ್ಮಾವ್ರು ದೊಡ್ಡ ಮನೆತನದವರು, ನಗಲಿಲ್ಲ. "ಸಕ್ಕರೆ ಸಾಕಾ?" ಎಂದರು.

೨. ಭಾವನ ಇಂಗ್ಲಿಷು

ಕಳೆದ ವರ್ಷ ಮೂಡಿಗೆರೆಯಲ್ಲಿ ಬೆಳೆಗಾರರಿಗೆ ಕಾಫಿ ರುಚಿ ನೋಡುವ ಶಿಬಿರ ಏರ್ಪಟ್ಟಿತು. ಬಂದವರೆಲ್ಲ ಕಾಫಿಯನ್ನು ಸ್ಲರ್ಪ್ ಮಾಡತಕ್ಕದ್ದು ಎಂದು ಮೊಬೈಲಿಗೆ ಸೂಚನೆ ಬಂತು. ಕಳಸದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಮಗಳನ್ನು ಹಾಗೆಂದರೇನು ಎಂದು ಕೇಳಿದೆ. ಸದ್ದು ಮಾಡಿಕೊಂಡು ಹೀರುವುದಂತೆ. ಪದ ಡಚ್ಚರಿಂದ ಬಂದದ್ದಂತೆ. ಕುಡಿಯುವಾಗ ಬಾಯಲ್ಲಿ ಬರುವ ಸದ್ದನ್ನೇ ಅವರು ಕ್ರಿಯಾಪದ ಮಾಡಿಕೊಂಡರಂತೆ.

ನನಗೆ ಹೆಂಡತಿಯ ಅಣ್ಣ ನೆನಪಾದರು. ಭಾವ ಕಾಫಿಯನ್ನು ಕಪ್ಪಿನ ಕೆಳಗಿನ ಬಸಿಗೆ ಸುರಿದು ಹೀರಿದರೆ ಗೇಟಿನಲ್ಲಿದ್ದವರಿಗೂ ಅವರು ಬಂದದ್ದು ತಿಳಿಯುತ್ತದೆ. ಹಾಗಾದರೆ ನಿನ್ನ ಮಾವ ಮಾಡುವುದೂ ಸ್ಲರ್ಪೇ ಎಂದು ಮಗಳಿಗೆ ಹೇಳಿದೆ.

ಒಳಗಿನಿಂದ ಹೆಂಡತಿ, "ಅದು ಇಂಗ್ಲಿಷು ಅಂತ ಮೊದಲೇ ಹೇಳಿದ್ರೆ ನಾನು ಮೂವತ್ತು ವರ್ಷ ತಲೆ ತಗ್ಗಿಸ್ಬೇಕಿರ್ಲಿಲ್ಲ" ಎಂದಳು.

೩. ಏಳನೇ ನಂಬರು

ಶಿಬಿರಕ್ಕೆ ಹೊರಗಿನಿಂದ ಒಬ್ಬ ವ್ಯಾಪಾರಿ ಬಂದಿದ್ದರು. ಮೆಚ್ಚಿದ ಕಾಫಿಯನ್ನು ತಾವೇ ಕೊಂಡು, ಪೊಟ್ಟಣದ ಮೇಲೆ ಆ ತೋಟದ ಹೆಸರು ಹಾಕಿಸುತ್ತೇವೆ ಎಂದಿದ್ದರು. ಅಪ್ಪ ಇಟ್ಟ ತೋಟದ ಹೆಸರನ್ನು ಅಚ್ಚಿನಲ್ಲಿ ನೋಡಬೇಕೆಂದು ನನಗೆ ಬಹಳ ಆಸೆ. ಕುಯ್ಲಿನಲ್ಲಿ ಮಳೆ ಹಿಡಿದಿದ್ದರೂ ಹೇಗೋ ಒಣಗಿಸಿ ಸ್ಯಾಂಪಲ್ ಕೊಟ್ಟಿದ್ದೆ. ದೇವರಿಗೆ ತುಪ್ಪದ ದೀಪವನ್ನೂ ಹೇಳಿಕೊಂಡಿದ್ದೆ.

ಮೇಜಿನ ಮೇಲೆ ಹತ್ತು ಬಟ್ಟಲು, ಹೆಸರಿಲ್ಲ, ಬರೀ ನಂಬರು. ಹನ್ನೆರಡು ಜನ ಚಮಚ ಅದ್ದಿ, ಹೀರಿ, ಉಗಿದು, ಅದೇ ಚಮಚವನ್ನು ಮುಂದಿನ ಬಟ್ಟಲಿಗೆ ಅದ್ದುತ್ತಿದ್ದರು. ನಾನು ಮನಸ್ಸಿನಲ್ಲೇ ರಾಮನಾಮ ಹೇಳಿಕೊಂಡೆ. ಕೊನೆಗೆ ವ್ಯಾಪಾರಿಯ ಹತ್ತಿರ ಹೋಗಿ, ನನಗೆ ಬೇರೆ ಲೋಟದಲ್ಲಿ ಕೊಡಿ, ಎತ್ತಿ ಕುಡಿಯುತ್ತೇನೆ ಎಂದೆ. ಅವರು ನನ್ನ ಧಾರೆ ನೋಡಿ ಎಲ್ಲರನ್ನೂ ಕರೆದರು. ಸ್ಲರ್ಪ್ ಮಾಡುವುದೇ ಕಾಫಿಗೆ ಗಾಳಿ ಬೆರೆಯಲೆಂದು, ಇವರದ್ದು ಸದ್ದಿಲ್ಲದೆ ಬೆರೆಯುತ್ತಿದೆ ಎಂದು ಹೊಗಳಿದರು.

ಹೊಗಳಿಕೆ ತಲೆಗೇರಿತು. ಏಳನೇ ನಂಬರು ಬಾಯಿಗೆ ಬಿದ್ದೊಡನೆ ಎಲ್ಲರಿಗೂ ಕೇಳುವಂತೆ ಹೇಳಿದೆ: "ಇದು ಹೊಗೆ ಕುಡಿದ ಕಾಫಿ. ಯಾವನೋ ಪುಣ್ಯಾತ್ಮ ಬಚ್ಚಲೊಲೆ ಮೇಲೆ ಒಣಗಿಸಿದ್ದಾನೆ."

ವ್ಯಾಪಾರಿ ಇನ್ನೊಮ್ಮೆ ಹೀರಿ, ಹೌದು ಎಂದು ತಲೆದೂಗಿ, ಏಳಕ್ಕೆ ಅಡ್ಡಗೀಟು ಎಳೆದು, ಚೀಟಿ ಬಿಡಿಸಿ ತೋಟದ ಹೆಸರು ಓದಿದರು. ಅಪ್ಪ ಇಟ್ಟ ಹೆಸರೇ.

ಮಳೆಗೆ ಹೆದರಿ ಅದನ್ನು ನಮ್ಮ ಬಚ್ಚಲಿನ ಅಟ್ಟದಲ್ಲಿ ಹರಡಿದ್ದು ಆಗ ನೆನಪಾಯಿತು. ಕಾಫಿ ಬೇಡ, ಮುಂದಿನ ವರ್ಷ ರುಚಿ ನೋಡಲು ನೀವು ಬನ್ನಿ ಎಂದು ವ್ಯಾಪಾರಿ ಕೈಮುಗಿದರು.

ಮನೆಗೆ ಬಂದು ಎಲ್ಲ ಹೇಳಿದೆ. ಹೆಂಡತಿ ದೇವರ ಮುಂದೆ ತುಪ್ಪದ ದೀಪವನ್ನೇನೋ ಹಚ್ಚಿದಳು. ಆಮೇಲೆ ನಿಧಾನವಾಗಿ ಹೇಳಿದಳು:

"ಅಟ್ಟಕ್ಕೆ ಹಾಕ್ಬೇಡಿ, ಹೊಗೆ ಹಿಡಿಯುತ್ತೆ ಅಂತ ನಾನು ಅವತ್ತೇ ಹೇಳಿದ್ದೆ. ಅದನ್ನ ತಿಳಿಯೋಕೆ ನಾನು ಸ್ಲರ್ಪೂ ಮಾಡ್ಲಿಲ್ಲ, ಎತ್ತಿಯೂ ಕುಡೀಲಿಲ್ಲ."